ಎರೆಸೀಮೆಯಲ್ಲಿ ಒಕ್ಕಲಾಗದ ಜರ್ಮನರು

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ನಾಡುಗಳಿಂದ ಹೊರಟ ವಲಸೆಯ ಚರಿತ್ರೆಯಲ್ಲಿ ಅಮೆರಿಕದ ಬಯಲುಸೀಮೆಗೆ ಸಿಕ್ಕಷ್ಟು ಜಾಗ ಧಾರವಾಡದ ಬಯಲುಸೀಮೆಗೆ ಸಿಕ್ಕಿಲ್ಲ. ಅಲ್ಲಿಗೆ ಹೋದವರು ಲಕ್ಷಗಟ್ಟಲೆ, ಇಲ್ಲಿಗೆ ಬಂದವರು ಬೆರಳೆಣಿಕೆಯಷ್ಟು ಎಂಬುದನ್ನು ನೆನೆದರೆ ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೂ ಈ ಎರಡು ಬಯಲುಗಳನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡುವುದರಿಂದ ಒಂದು ಪ್ರಯೋಜನವಿದೆ. ಒಂದೇ ನಾಡಿನ, ಒಂದೇ ಬಗೆಯ ಭಕ್ತಿಯ, ಹಲವು ಸಲ ಒಂದೇ ಬಗೆಯ ಕಸುಬಿನ ಮನೆಗಳಿಂದ ಹೊರಟ ಜನ ಒಂದು ಕಡೆ ನೆಲ ಹಿಡಿದು ಮೂರು ತಲೆಮಾರಿನೊಳಗೆ ಊರುಗಳನ್ನೇ ಕಟ್ಟಿದರೆ, ಇನ್ನೊಂದು ಕಡೆ ಮಿಷನರಿಗಳಾಗಿ ಬಂದವರು ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ಆರಂಭಿಸಿ ಅದನ್ನು ನಿಲ್ಲಿಸಿಕೊಳ್ಳಲಾಗದೆ ಕೈಬಿಟ್ಟರು. ಈ ಸೋಲಿಗೆ ಮಿಷನರಿಗಳ ಅನನುಭವವನ್ನೋ ಇಲ್ಲಿನ ಬಿಸಿಲು ರೋಗಗಳನ್ನೋ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಹೊಸಬರ ಕುಟುಂಬವೊಂದು ನೆಲದ ಮೇಲೆ ಒಕ್ಕಲಾಗಬೇಕಾದರೆ ಬೇಕಾಗುವ ಮೂರು ಆಧಾರಗಳು, ಅಂದರೆ ಪ್ರಭುತ್ವ ತೆರವು ಮಾಡಿಕೊಟ್ಟ ಭೂಮಿ, ನೆರೆಹೊರೆಯ ದುಡಿಮೆಯ ಬೆಂಬಲ ಮತ್ತು ಹೊಲವನ್ನು ಮುಂದುವರಿಸುವ ಮಕ್ಕಳು, ಧಾರವಾಡ ಸೀಮೆಯ ಜರ್ಮನರಿಗೆ ಇರಲೇ ಇಲ್ಲ ಎಂಬುದೇ ಇದಕ್ಕಿಂತ ಗಟ್ಟಿಯಾದ ವಿವರಣೆ.

ಮೊದಲು ಅವರು ಬಿಟ್ಟುಬಂದ ನಾಡನ್ನು ನೋಡಬೇಕು. ಜರ್ಮನಿಯ ನೈರುತ್ಯದ ವುರ್ಟೆಂಬರ್ಗ್ ಸಂಸ್ಥಾನದಲ್ಲಿ ತಂದೆಯ ಹೊಲವನ್ನು ಎಲ್ಲ ಮಕ್ಕಳಿಗೂ ಹಂಚುವ ಪದ್ಧತಿಯಿದ್ದುದರಿಂದ ಹಿಡುವಳಿಗಳು ತುಂಡುತುಂಡಾಗಿದ್ದವು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬಾರದೆ ಬೆಳೆ ಹಾಳಾದಾಗ ಈ ಸಂಸ್ಥಾನದಲ್ಲಿ ಬರ ಬಿತ್ತು. ಮರುವರ್ಷ ಸಾವಿರಾರು ಜನ ದಕ್ಷಿಣ ರಷ್ಯಕ್ಕೂ ಕಾಕಸಸ್ ಸೀಮೆಗೂ ಅಮೆರಿಕಕ್ಕೂ ಹೊರಟರು. ಹೀಗೆ ಹೊರಟವರಲ್ಲಿ ಪಯಟಿಸ್ಟರು, ಎಂದರೆ ಚರ್ಚಿನ ವಿಧಿಗಳಿಗಿಂತ ಅಂತರಂಗದ ಭಕ್ತಿಗೆ ಮತ್ತು ದುಡಿಮೆಯ ಶಿಸ್ತಿಗೆ ಹೆಚ್ಚು ಬೆಲೆ ಕೊಡುತ್ತಿದ್ದ ಪ್ರಾಟೆಸ್ಟಂಟರು, ಗಣನೀಯ ಸಂಖ್ಯೆಯಲ್ಲಿದ್ದರು. ಇವರನ್ನು ನಾಡಿನಲ್ಲೇ ಉಳಿಸಿಕೊಳ್ಳುವ ಉದ್ದೇಶದಿಂದ ಅರಸನು 1819ರಲ್ಲಿ ಕೋರ್ನ್‌ಟಾಲ್ ಎಂಬಲ್ಲಿ ಅವರದೇ ಊರೊಂದನ್ನು ಕಟ್ಟಿಕೊಳ್ಳಲು ವಿಶೇಷ ಅನುಮತಿಯನ್ನಿತ್ತನು. ಭಕ್ತರೇ ಸೇರಿ ಊರು ಮಾಡಿಕೊಂಡು ಉತ್ತುಬಿತ್ತಿ ಬದುಕುವ ಕಲ್ಪನೆ ಈ ಜನಕ್ಕೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಷನ್ ಸಂಸ್ಥೆಗೆ ಹೆಚ್ಚಿನ ಯುವಕರನ್ನು ಒದಗಿಸಿದ್ದು ಇದೇ ವುರ್ಟೆಂಬರ್ಗ್. ಅವರಲ್ಲಿ ಬಹುಮಂದಿ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. 1811ರಲ್ಲಿ ಹುಟ್ಟಿ ಟ್ಯೂಬಿಂಗೆನ್‌ನಲ್ಲಿ ಓದಿದ ಹೆರ್ಮನ್ ಮೊಗ್ಲಿಂಗನಂಥ ವಿದ್ವಾಂಸರು ಅಲ್ಲಿ ಅಪವಾದವೇ.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಕಾಯ್ದೆಯು ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದ ಮೇಲೆ 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಹೀಗೆ ಅವರ ಠಾಣ್ಯಗಳು ಬೆಳೆದವು. ಕಾಲಜ್ಞಾನದ ವಚನಗಳನ್ನು ನಂಬಿ ಮುಂದೊಬ್ಬ ಉದ್ಧಾರಕನು ಬರುವನೆಂದು ಕಾಯುತ್ತಿದ್ದ ಕೆಲವು ಗುಂಪುಗಳು ಹುಬ್ಬಳ್ಳಿಯ ಆಸುಪಾಸಿನಲ್ಲಿ ಈ ಪರದೇಶದ ಗುರುಗಳನ್ನು ಬಂದು ಕಂಡಾಗ, ಮೊಗ್ಲಿಂಗ್ ಮತ್ತವನ ಸಂಗಡಿಗರು ಒಂದು ಸಮುದಾಯವೇ ಇಡಿಯಾಗಿ ಕ್ರೈಸ್ತಮತಕ್ಕೆ ಬರುವುದೆಂದು ಎಣಿಸಿದರು. ಬಂದವರನ್ನು ನೆಲೆಗೊಳಿಸಲು ಬೇಸಾಯದ ವಸಾಹತು ಬೇಕೆಂದು ಯೋಚಿಸಿ 1840ರ ದಶಕದ ಆರಂಭದಲ್ಲಿ ಮಲ್ಲಸಮುದ್ರದಲ್ಲಿ ಅದನ್ನು ತೊಡಗಿದರು. ನಿರೀಕ್ಷಿಸಿದ ಜನ ಬರಲಿಲ್ಲ. ಬಂದ ಕೆಲವೇ ಕುಟುಂಬಗಳನ್ನಿಟ್ಟುಕೊಂಡು ನಡೆಸಿದ ವಸಾಹತು ಒಕ್ಕಲುತನದ ಊರಾಗಿ ಬೆಳೆಯಲೂ ಇಲ್ಲ. ಈಗ ಆ ಊರಿನ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜು.

ವಸಾಹತಿನ ಯೋಚನೆಯ ಹಿಂದೆ ಭಾವುಕತೆ ಇತ್ತೆಂದು ಹೇಳಿ ತಳ್ಳಿಹಾಕುವುದು ಸುಲಭ, ಆದರೆ ಅದಕ್ಕೆ ಕಟುವಾದ ಕಾನೂನಿನ ಕಾರಣವೊಂದೂ ಇತ್ತು. 1850ರ 21ನೆಯ ಕಾಯ್ದೆ ಜಾರಿಗೆ ಬರುವವರೆಗೆ ಮತ ಬಿಟ್ಟವನು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವ ಅಪಾಯವಿತ್ತು. ಕಾಯ್ದೆ ಬಂದ ಮೇಲೂ ಮನೆಯವರು ಹೊಲದ ಬದುವಿನ ಮೇಲೆ ಕಾಲಿಡಗೊಡದಿದ್ದರೆ ಕೋರ್ಟಿನ ಕಾಗದದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಮತಾಂತರಗೊಂಡ ಒಕ್ಕಲಿಗನಿಗೆ ಹೊಲ ಹೋಯಿತೆಂದರೆ ಬಿತ್ತನೆಯ ಬೀಜ, ಎತ್ತು, ಬಾವಿಯ ನೀರು, ಬೀಗತನ ಇವೆಲ್ಲವೂ ಒಟ್ಟಿಗೇ ಹೋದಂತೆ. ಆದ್ದರಿಂದ ಅವನಿಗೆ ಬೇರೆ ನೆಲ ಕೊಡಿಸಬೇಕೆಂಬ ಮಿಷನರಿಗಳ ತರ್ಕದಲ್ಲಿ ತಪ್ಪಿರಲಿಲ್ಲ. ನೆಲವೊಂದು ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುವುದೆಂಬ ನಂಬಿಕೆಯಲ್ಲಿ ತಪ್ಪಿತ್ತು.

ಎರೆಭೂಮಿಯ ಬೇಸಾಯ ಹೇಗೆ ನಡೆಯುತ್ತದೆಂಬುದನ್ನು ಕೊಂಚ ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಗದಗ ಸೀಮೆಯಲ್ಲಿ ಕಪ್ಪು ಮಣ್ಣು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತೊಯ್ದಾಗ ಕಾಲಿಗೆ ಮೆತ್ತಿಕೊಂಡು ಎತ್ತನ್ನೂ ಒಳಗೆ ಬಿಡುವುದಿಲ್ಲ, ಒಣಗಿದಾಗ ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಇವೆರಡರ ನಡುವಿನ ಹದ ಕೆಲವೇ ದಿನ ಇರುತ್ತದೆ. ಅದಕ್ಕಾಗಿಯೇ ಇಲ್ಲಿನ ರೈತ ನೇಗಿಲನ್ನು ವರ್ಷ ವರ್ಷವೂ ಹೂಡುವುದಿಲ್ಲ. ಕರಿಕೆ ಹುಲ್ಲು ಬೇರುಬಿಟ್ಟು ಹೊಲ ಕೆಟ್ಟಾಗ ಮಾತ್ರ ಹಲವು ಜೋಡಿ ಎತ್ತು ಕಟ್ಟಿ ದೊಡ್ಡ ನೇಗಿಲಿನಿಂದ ಉಳುತ್ತಾನೆ. ಉಳಿದ ವರ್ಷಗಳಲ್ಲಿ ಅಗಲವಾದ ಕಬ್ಬಿಣದ ಅಲಗು ಇರುವ ಕುಂಟೆಯಿಂದ ಮೇಲ್ಮಣ್ಣನ್ನು ಹರಗಿ, ಹಿಂಗಾರಿಯ ಉತ್ತರಿ ಹಸ್ತದ ಮಳೆ ನೋಡಿಕೊಂಡು, ಕೂರಿಗೆಯಿಂದ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತಿ, ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬೆಯನ್ನು ಹಾಕುತ್ತಾನೆ. ಬಿತ್ತಿದ ಮೇಲೆ ಮಳೆಯೇ ಬೀಳದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯನ್ನೇ ನೆಚ್ಚಿ ಜೋಳ ತೆನೆ ಹಿಡಿಯುತ್ತದೆ. ಈ ಲೆಕ್ಕವನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ. ಹದ ತಪ್ಪಿದರೆ ಆ ವರ್ಷವೇ ತಪ್ಪಿದಂತೆ, ಹದದ ಕೆಲವೇ ದಿನಗಳಲ್ಲಿ ಒಂದು ಮನೆಯ ಎತ್ತುಗಳಿಂದ ಕೆಲಸ ಮುಗಿಯದು. ಆದ್ದರಿಂದ ಒಬ್ಬರ ಹೊಲಕ್ಕೆ ಇನ್ನೊಬ್ಬರು ಎತ್ತು ಆಳುಗಳೊಡನೆ ಹೋಗಿ, ಮತ್ತೆ ಅಷ್ಟೇ ದುಡಿಮೆಯನ್ನು ಹಿಂದಕ್ಕೆ ಪಡೆಯುವ ಮುಯ್ಯಿ ಪದ್ಧತಿ ಬೇಸಾಯದ ಬೆನ್ನೆಲುಬಾಗಿತ್ತು. ಕೂರಿಗೆಯ ತಾಳು ಸವೆದರೆ ಕಂಬಾರನಿಗೂ ಈಸು ಮುರಿದರೆ ಬಡಿಗನಿಗೂ ಆಗಲೇ ದುಡ್ಡು ಕೊಡಬೇಕಾಗಿರಲಿಲ್ಲ, ಸುಗ್ಗಿಯ ಕಣದಲ್ಲಿ ರಾಶಿಯಿಂದ ಆಯ ಕೊಟ್ಟರಾಯಿತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುವ ಆಚರಣೆಯೂ ಇದೇ ಸಂಬಂಧಗಳ ಒಂದು ಮುಖ. ಆಯಕ್ಕೂ ಮುಯ್ಯಿಗೂ ಚರಗಕ್ಕೂ ಹೊರಗಾದ ವಸಾಹತಿನ ಒಕ್ಕಲು ಪ್ರತಿಯೊಂದು ಕೆಲಸಕ್ಕೂ ನಗದು ತೆರಬೇಕಾಗುತ್ತಿತ್ತು. ನೆರೆಯ ಊರಿನ ಬೇಸಾಯದಲ್ಲಾದರೋ ನಗದಿಗೆ ಇದ್ದ ಮುಖ್ಯ ಕೆಲಸ ಸರ್ಕಾರದ ಕಂದಾಯ ಕಟ್ಟುವುದೊಂದೇ.

ಮಿಷನರಿಗಳು ಮೂಲತಃ ಬೋಧಕರು, ಅವರಿಗೆ ಬೇಸಾಯ ಬಾರದಿದ್ದರೆ ಆಶ್ಚರ್ಯವೇನು ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆದರೆ ಈ ಆಕ್ಷೇಪವನ್ನು ಒರೆಗೆ ಹಚ್ಚಿ ನೋಡಲು ಅದೇ ದಶಕದಲ್ಲಿ, ಹುಬ್ಬಳ್ಳಿಯ ಮಗ್ಗುಲಿನಲ್ಲೇ, ಇನ್ನೊಂದು ಪ್ರಯೋಗ ನಡೆದಿತ್ತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿಯನ್ನು ಭಾರತದಿಂದಲೇ ಪಡೆಯಬೇಕೆಂದು ಹೊರಟ ಕಂಪನಿ ಸರ್ಕಾರ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಯುವುದರಲ್ಲಿ ಪಳಗಿದವರನ್ನು ಸಂಬಳ ಕೊಟ್ಟು ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಧಾರವಾಡ ಜಿಲ್ಲೆಗೆ ಬಂದು ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರ್ಕಾರದ ಖರ್ಚಿನಿಂದ ಪ್ರಯೋಗದ ಹೊಲ ನಡೆಸಿದನು. ಅವನಿಗೆ ಕಸುಬು ಗೊತ್ತಿತ್ತು, ಹಣವಿತ್ತು, ಕಲೆಕ್ಟರನ ಬೆಂಬಲವಿತ್ತು. ಆದರೂ ಹೊಲ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಇಂಥ ಹೊಲಗಳು ಸರ್ಕಾರಕ್ಕೆ ವ್ಯರ್ಥ ಖರ್ಚೆಂದೂ, ಈ ನೆಲ ಮತ್ತು ಹವೆಯನ್ನು ಬಲ್ಲ ಊರ ರೈತನೇ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ವೆಚ್ಚದಲ್ಲಿ ಬೆಳೆ ತೆಗೆಯಬಲ್ಲನೆಂದೂ ಸ್ವತಃ ಮರ್ಸರನೇ ವರದಿ ಮಾಡಿದ್ದು ಅವನ ಪ್ರಾಮಾಣಿಕತೆಗೆ ಒಪ್ಪುವ ಸಂಗತಿ. ಇನ್ನೂ ಕುತೂಹಲಕರವಾದದ್ದು ಮುಂದಿನದು: ಹೊಲ ಮುಚ್ಚಿದರೂ ಅದರ ಬೀಜ ಉಳಿಯಿತು. ರೈತರು ನ್ಯೂ ಆರ್ಲಿಯನ್ಸ್ ತಳಿಯ ಆ ಹತ್ತಿಯನ್ನು ತಮ್ಮ ಜೋಳದ ಸರದಿಯೊಳಗೆ ಸೇರಿಸಿಕೊಂಡರು. 1861ರಿಂದ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಏರಿದ ಹೊತ್ತಿಗೆ ಧಾರವಾಡ-ಅಮೆರಿಕನ್ ಎಂಬ ಹೆಸರಿನ ಸರಕು ಮುಂಬಯಿ ಪೇಟೆಯಲ್ಲಿ ಹೆಸರು ಮಾಡಿತ್ತು. ಅಂದಮೇಲೆ ಪರದೇಶದ ಬೆಳೆ ಇಲ್ಲಿ ಒಗ್ಗಿತು, ಪರದೇಶದ ಬೆಳೆಗಾರ ಒಗ್ಗಲಿಲ್ಲ. ಮಲ್ಲಸಮುದ್ರದ ಸೋಲನ್ನು ಬೋಧಕರ ಅಜ್ಞಾನದ ಲೆಕ್ಕಕ್ಕೆ ಬರೆಯುವುದು ಇದರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಅಮೆರಿಕದಲ್ಲಿ ಬೇರೆಯದೇನಿತ್ತು? 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಅಲ್ಲಿನ ಪ್ರಜೆಯಾದವನು ಅಥವಾ ಪ್ರಜೆಯಾಗುವೆನೆಂದು ಘೋಷಿಸಿದವನು 160 ಎಕರೆ ಸರ್ಕಾರಿ ಜಮೀನನ್ನು ಅಲ್ಪ ಶುಲ್ಕಕ್ಕೆ ಹಿಡಿದು, ಅದರ ಮೇಲೆಯೇ ಮನೆ ಕಟ್ಟಿಕೊಂಡು ಐದು ವರ್ಷ ಸಾಗುವಳಿ ಮಾಡಿದರೆ ಪೂರ್ಣ ಒಡೆಯನಾಗುತ್ತಿದ್ದನು. ನೆಬ್ರಾಸ್ಕ, ಕಾನ್ಸಾಸ್, ಡಕೋಟಾ ಬಯಲುಗಳಲ್ಲಿ ಮರ ಸಿಗದೆ ಹುಲ್ಲುಗಡ್ಡೆಯ ಮಣ್ಣನ್ನೇ ಇಟ್ಟಿಗೆಯಂತೆ ಕತ್ತರಿಸಿ ಗುಡಿಸಲು ಕಟ್ಟಿಕೊಂಡ ಜರ್ಮನ್ ಕುಟುಂಬಗಳ ಕಷ್ಟ ಸಣ್ಣದಲ್ಲ. ಮಿಡತೆ, ಹಿಮಗಾಳಿ, ಬರ, ಒಂಟಿತನ ಇವುಗಳಿಗೆ ಸಿಕ್ಕಿ ಹಿಡುವಳಿ ಬಿಟ್ಟು ಹೋದವರೂ ಬಹಳ ಮಂದಿ. ಆದರೆ ಆ ಬಯಲು ಬರಿದಾಗಿತ್ತೆಂಬುದು ಅನುಕೂಲಕ್ಕೆ ಹುಟ್ಟಿಕೊಂಡ ಮಾತು. ಲಕೋಟ, ಪಾವ್ನಿ, ಷಯೆನ್ ಮೊದಲಾದ ಜನಾಂಗಗಳು ಕಾಡೆಮ್ಮೆಯ ಹಿಂಡುಗಳನ್ನು ನಂಬಿ ಬಾಳಿದ ನೆಲವನ್ನು ಒಪ್ಪಂದ, ಒಪ್ಪಂದಭಂಗ ಮತ್ತು ಸೈನ್ಯಬಲದಿಂದ ತೆರವು ಮಾಡಿಸಿದ ಮೇಲೆ ಅದು ಚೌಕ ಚೌಕವಾಗಿ ಅಳೆದ ಜಮೀನಾಯಿತು. ಅಲ್ಲಿ ಒಕ್ಕಲಾದ ಜರ್ಮನ್ ರೈತನು ಆ ಕೆಲಸವನ್ನು ತಾನೇ ಮಾಡದಿರಬಹುದು. ಅದರ ಫಲದ ಮೇಲೆ ಅವನ ಮನೆ ನಿಂತಿತ್ತು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. 1874ರ ಸುಮಾರಿಗೆ ರಷ್ಯದಿಂದ ಕಾನ್ಸಾಸಿಗೆ ಹೋದ ಮೆನೊನೈಟ್ ಜರ್ಮನರು, ಎಂದರೆ ಆಯುಧ ಹಿಡಿಯುವುದನ್ನು ಧರ್ಮಬಾಹಿರವೆಂದು ನಂಬಿದ ಪಂಗಡದವರು, ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿಯೊಡನೆ ಊರಿಗೆ ಊರೇ ಸೇರಿ ಹೋಗಿ ನೆಲೆಸಿದ್ದರಿಂದ ನೆರೆಹೊರೆಯನ್ನೂ ಜೊತೆಗೇ ಒಯ್ದಂತಾಯಿತು.

ಧಾರವಾಡ ಜಿಲ್ಲೆಯಲ್ಲಿಯೂ ಕಂಪನಿ ಆಳ್ವಿಕೆಯ ಮೊದಲ ದಶಕಗಳ ಭಾರೀ ತೆರಿಗೆಯಿಂದ ಬೀಳುಬಿದ್ದ ನೆಲ ಸಾಕಷ್ಟಿತ್ತು. ಅಂಥದನ್ನು ಸಾಗುವಳಿಗೆ ತರುವವರಿಗೆ ಕೆಲವು ವರ್ಷ ಕಡಿಮೆ ಕಂದಾಯದ ಕೌಲು, ಅಂದರೆ ಕರಾರುಪತ್ರ, ಕೊಡುವ ರೂಢಿಯೂ ಇತ್ತು. ಆದರೆ ಬೀಳುನೆಲವೆಂದರೆ ಯಾರಿಗೂ ಸೇರದ ನೆಲವೆಂದು ಅರ್ಥವಲ್ಲ. ಊರಿನ ದನ ಮೇಯುವುದು ಅಲ್ಲಿ, ತೆರಿಗೆ ಇಳಿದರೆ ಮತ್ತೆ ಉಳಬೇಕೆಂದು ಹಳೆಯ ಒಕ್ಕಲು ಕಾಯುತ್ತಿದ್ದುದು ಅದಕ್ಕೇ. ರೈತವಾರಿ ಪದ್ಧತಿಯಡಿ ಹೊಲಹೊಲವನ್ನೂ ಅಳೆದು ಹಿಡುವಳಿದಾರನ ಹೆಸರಿಗೇ ಕಂದಾಯ ಕಟ್ಟಿದ ಬಾಂಬೆ ಸರ್ವೆ 1840ರ ದಶಕದಲ್ಲಿ ಇಲ್ಲಿಗೆ ಬಂದು ದರವನ್ನು ಇಳಿಸಿದಾಗ, ಆ ನೆಲಕ್ಕೆ ಮರಳಿದವರು ಊರ ರೈತರೇ. ಇಂಗ್ಲಿಷ್ ಸರ್ಕಾರ ಉಪಕಾರಬುದ್ಧಿಯಿಂದ ರೈತರನ್ನು ಉಳಿಸಿತೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಕಂದಾಯ ಕಟ್ಟುವ ಲಕ್ಷಾಂತರ ಕೈಗಳಿರುವಾಗ ಅವರನ್ನೆಬ್ಬಿಸಿ ಬಿಳಿಯರನ್ನು ಕೂರಿಸುವುದರಿಂದ ಖಜಾನೆಗೆ ನಷ್ಟ, ಅಷ್ಟೇ.

ಇನ್ನು ಕುಟುಂಬದ ಪ್ರಶ್ನೆ. ಬಯಲಿನ ಹೋಮ್‌ಸ್ಟೆಡ್ ಎಂಬುದು ಕಾಗದದಲ್ಲಿ ಒಬ್ಬನ ಹೆಸರಿಗಿದ್ದರೂ ನಡೆಯುತ್ತಿದ್ದುದು ಹೆಂಡತಿ ಮಕ್ಕಳ ದುಡಿಮೆಯಿಂದ. ಹತ್ತು ವರ್ಷದ ಹುಡುಗ ಅಲ್ಲಿ ಅರ್ಧ ಆಳು, ಹದಿನೈದರ ಹುಡುಗ ಪೂರ್ತಿ ಆಳು. ಬಾಸೆಲ್ ಮಿಷನ್ನಿನ ಮನೆಗಳನ್ನು ಕಟ್ಟಿದ ರೀತಿ ಇದಕ್ಕೆ ತದ್ವಿರುದ್ಧವಾಗಿತ್ತು. ಮಿಷನರಿಯಾಗಿ ಬಂದವನು ಕೆಲವು ವರ್ಷ ಸೇವೆ ಸಲ್ಲಿಸಿ, ಬಾಸೆಲಿನ ಸಮಿತಿಗೆ ಬರೆದು ಒಪ್ಪಿಗೆ ಪಡೆದ ಮೇಲಷ್ಟೇ ಮದುವೆಯಾಗಬಹುದಾಗಿತ್ತು. ಎಷ್ಟೋ ಸಲ ಸಮಿತಿಯೇ ಹುಡುಗಿಯನ್ನು ಗೊತ್ತುಮಾಡಿ, ವರನ ಮುಖವನ್ನೂ ಕಾಣದ ಅವಳನ್ನು ಹಡಗು ಹತ್ತಿಸಿ ಕಳಿಸುತ್ತಿತ್ತು. ಹುಟ್ಟಿದ ಮಕ್ಕಳು ಆರೇಳು ವರ್ಷದವರಾಗುತ್ತಲೇ, ಇಲ್ಲಿನ ಹವೆ ಮತ್ತು ‘ಅನ್ಯಮತದ’ ಸಹವಾಸ ಅವರಿಗೆ ಒಳ್ಳೆಯದಲ್ಲವೆಂಬ ಕಾರಣಕ್ಕೆ, ತಾಯ್ನಾಡಿಗೆ ರವಾನೆಯಾಗಬೇಕಿತ್ತು. ಅಂಥವರಿಗಾಗಿಯೇ ಬಾಸೆಲಿನಲ್ಲಿ 1853ರಲ್ಲಿ ಮಕ್ಕಳ ಮನೆ ಆರಂಭವಾಯಿತು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮಿಷನರಿಯ ಮಗಳು ಮರೀ ಗುಂಡರ್ಟ್ ಎಳೆಯಳಿರುವಾಗಲೇ ಯುರೋಪಿನಲ್ಲಿ ಉಳಿಯಬೇಕಾಗಿ ಬಂದು, ಮತ್ತೆ ಭಾರತದಲ್ಲಿ ತಂದೆತಾಯಿಯರನ್ನು ಸೇರಿದ್ದು 1857ರಲ್ಲಿ. ಮುಂದೆ ಅವಳ ಮಗನೇ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಎಂಬುದು ಬೇರೆ ಮಾತು. ಹೆತ್ತ ಮಕ್ಕಳು ಕನ್ನಡವನ್ನೋ ಮಲೆಯಾಳವನ್ನೋ ಮರೆತು ದೂರದಲ್ಲಿ ಬೆಳೆಯುತ್ತಿರುವಾಗ ಇಲ್ಲಿನ ತಂದೆ ಬಾವಿ ತೋಡಿಸುವುದು, ಗಿಡ ನೆಡುವುದು ಯಾರಿಗಾಗಿ? ಸಂಸ್ಥೆಗಾಗಿ ಎಂಬುದೇ ಉತ್ತರ. ಜಮೀನು, ಬಂಗಲೆ, ಮಗ್ಗ, ಮುದ್ರಣಾಲಯ ಎಲ್ಲವೂ ಸಮಿತಿಯ ಆಸ್ತಿ. ಮಿಷನರಿ ಅದರ ಸಂಬಳದ ಮೇಲ್ವಿಚಾರಕ. ಇಂಥ ಮನೆಯಿಂದ ಶಾಲೆ ನಡೆಯಬಹುದು, ನಿಘಂಟು ಹುಟ್ಟಬಹುದು, ಒಕ್ಕಲುತನ ಹುಟ್ಟುವುದಿಲ್ಲ.

ಮಲ್ಲಸಮುದ್ರದಲ್ಲಿ ಕಲಿತ ಪಾಠ ಮೊಗ್ಲಿಂಗನನ್ನು ಬಿಡಲಿಲ್ಲವೆಂದು ತೋರುತ್ತದೆ. ಮಂಗಳೂರಿನಲ್ಲಿ 1843ರಲ್ಲಿ ಪತ್ರಿಕೆ ಹೊರಡಿಸಿದ, ಮುಂದೆ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿಸಿದ ಇದೇ ಮನುಷ್ಯ 1850ರ ದಶಕದಲ್ಲಿ ಕೊಡಗಿಗೆ ಹೋಗಿ, ಹೊಲೆಯರ ಕುಟುಂಬಗಳಿಗಾಗಿ ಆನಂದಪುರ ಎಂಬ ವಸಾಹತನ್ನು ಕಟ್ಟಿದನು. ಕಾಫಿ ತೋಟಗಳು ಏಳುತ್ತಿದ್ದ ಆ ಸೀಮೆಯಲ್ಲಿ ಕೂಲಿಗೆ ಬೇಡಿಕೆಯಿತ್ತು, ಕಾಡು ಕಡಿದು ಹೊಸ ತೋಟ ಮಾಡುವುದಕ್ಕೆ ಸರ್ಕಾರದ ಉತ್ತೇಜನವಿತ್ತು. ಎರೆಸೀಮೆಯಲ್ಲಿ ಇವೆರಡೂ ಇರಲಿಲ್ಲ.

ಪ್ರಭುತ್ವ ನೆಲ ತೆರವು ಮಾಡಿಕೊಟ್ಟು, ಸಮುದಾಯ ಇಡಿಯಾಗಿ ಬಂದರೆ ಪರದೇಶದವರು ಈ ಭಾಗದಲ್ಲಿಯೂ ಒಕ್ಕಲಾಗಬಲ್ಲರೆಂಬುದಕ್ಕೆ ಹುಬ್ಬಳ್ಳಿಯಿಂದ ಬಹಳ ದೂರವಿಲ್ಲದ ಮುಂಡಗೋಡದ ಟಿಬೆಟನ್ನರ ನೆಲೆ ಸಾಕ್ಷಿ. 1966ರಲ್ಲಿ ಅರಣ್ಯಭೂಮಿಯನ್ನು ಬಯಲು ಮಾಡಿ ಅವರಿಗೆ ಹಂಚಲಾಯಿತು. ಕುಟುಂಬಗಳೊಡನೆ ಗಾಂದೆನ್ ಮತ್ತು ದ್ರೆಪುಂಗ್ ಮಠಗಳೂ ಅಲ್ಲಿ ಮರುಸ್ಥಾಪನೆಯಾದವು, ಗೋವಿನಜೋಳ ಬೆಳೆಯಿತು, ಮಕ್ಕಳು ಅಲ್ಲೇ ಶಾಲೆ ಕಲಿತರು. ಅಷ್ಟಾದರೂ ಆ ಭೂಮಿ ಅವರ ಸ್ವಂತದ್ದಲ್ಲ, ಸರ್ಕಾರ ಉಪಯೋಗಕ್ಕೆ ಕೊಟ್ಟದ್ದು. ಹೊಸ ತಲೆಮಾರು ಬೇಸಾಯ ಬಿಟ್ಟು ನಗರಗಳಿಗೂ ವಿದೇಶಗಳಿಗೂ ಹೋಗುತ್ತಿರುವುದಕ್ಕೆ ಈ ಅಸ್ಥಿರತೆಯೂ ಒಂದು ಕಾರಣವೆಂದು ಊಹಿಸಬಹುದು.

ಸ್ವಂತ ಹೊಲವಿದ್ದ ಅಮೆರಿಕದ ಜರ್ಮನನಿಗೂ ಸಂಬಳದ ಮಿಷನರಿಗೂ ನಡುವೆ ಇದ್ದ ಒಡೆತನದ ವ್ಯತ್ಯಾಸ 1914ರ ಮಹಾಯುದ್ಧದಲ್ಲಿ ನಿರ್ದಯವಾಗಿ ಬಯಲಾಯಿತು. ಅಮೆರಿಕದ ಬಯಲಿನ ಜರ್ಮನರೂ ಆಗ ಶತ್ರುಗಳೆಂಬ ಸಂಶಯಕ್ಕೆ ಗುರಿಯಾದರು; ಎಳೆಯ ಮಕ್ಕಳಿಗೆ ಶಾಲೆಯಲ್ಲಿ ಜರ್ಮನ್ ಸೇರಿದಂತೆ ಇಂಗ್ಲಿಷಲ್ಲದ ಯಾವ ಭಾಷೆಯನ್ನೂ ಕಲಿಸಕೂಡದೆಂದು ನೆಬ್ರಾಸ್ಕ 1919ರಲ್ಲಿ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟು 1923ರಲ್ಲಿ ರದ್ದುಗೊಳಿಸಬೇಕಾಯಿತು. ಆದರೆ ಪ್ರಜೆಗಳಾಗಿದ್ದ ಅವರ ಹೊಲಗಳು ಅವರ ಬಳಿಯೇ ಉಳಿದವು. ಇಲ್ಲಿ ಧಾರವಾಡ ಸೀಮೆಯವರೂ ಸೇರಿದಂತೆ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಸಾಗಿಸಲಾಯಿತು. ಮಿಷನ್ನಿನ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಇಂಗ್ಲಿಷರ ಟ್ರಸ್ಟೊಂದರ ಕೈಸೇರಿದವು. ಎಂಟು ದಶಕ ಕಳೆದಿದ್ದರೂ ಹೊರಡುವಾಗ ಅವರಲ್ಲಿ ಯಾರ ಹೆಸರಿಗೂ ಇಲ್ಲಿ ಬಿಟ್ಟುಹೋಗುವ ಹೊಲವೊಂದು ಇರಲಿಲ್ಲ.

ಜರ್ಮನರು ನೆಲದಲ್ಲಿ ಸೋತು ನುಡಿಯಲ್ಲಿ ಗೆದ್ದರು, ಮಿಷನರಿ ಕಿಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟೇ ಅದಕ್ಕೆ ಸಾಟಿಯಿಲ್ಲದ ಪುರಾವೆ ಎಂದು ಹೇಳುವ ಪರಿಪಾಠ ಧಾರವಾಡದ ವಿದ್ವತ್ ವಲಯದಲ್ಲಿದೆ. ಕಿಟೆಲ್ ಹೆಸರಿನ ಕಾಲೇಜು, ಬೆಟಗೇರಿಯಲ್ಲಿ ಜನ ಜರ್ಮನ್ ದವಾಖಾನೆ ಎಂದೇ ಕರೆಯುವ ಆಸ್ಪತ್ರೆ, ಬಾಸೆಲ್ ಮಿಷನ್ ಶಾಲೆಗಳು ಈ ಮಾತಿಗೆ ಬೆಂಬಲವಾಗಿ ನಿಲ್ಲುತ್ತವೆ. ಆದರೆ ಈ ಲೆಕ್ಕ ಮಿಷನರಿಗಳ ಕಡೆಯಿಂದ ನೋಡಿದಾಗ ಮಾತ್ರ ಸರಿಹೊಂದುತ್ತದೆ. ವಸಾಹತು ಮುಚ್ಚಿದರೆ ಮಿಷನರಿಗೆ ಇನ್ನೊಂದು ಠಾಣ್ಯವಿತ್ತು. ಹೊಲ, ಆಯ, ಬೀಗತನ ಬಿಟ್ಟು ಅವರನ್ನು ನಂಬಿ ಬಂದ ಕನ್ನಡದ ಒಕ್ಕಲಿಗೆ ಹಿಂದಿರುಗುವ ಊರಿರಲಿಲ್ಲ. ಈ ಸೀಮೆಯಲ್ಲಿ ಕ್ರೈಸ್ತ ಸಭೆ ಬೇರುಬಿಟ್ಟದ್ದು ಬೆಟಗೇರಿ ಗುಳೇದಗುಡ್ಡಗಳ ನೇಕಾರರ ನಡುವೆ ಎಂಬುದು ಆಕಸ್ಮಿಕವಲ್ಲ: ಮಗ್ಗವನ್ನು ಮನೆಯೊಡನೆ ಒಯ್ಯಬಹುದು, ಸೀರೆ ಖಣಕ್ಕೆ ಪೇಟೆಯಲ್ಲಿ ಜಾತಿ ನೋಡದ ಗಿರಾಕಿಯೂ ಸಿಗುತ್ತಾನೆ. ಹೊಲದಿಂದ ಹೊರಬಿದ್ದವರ ಮುಂದಿನ ತಲೆಮಾರುಗಳು ಕಾರ್ಖಾನೆ, ಶಾಲೆ, ದವಾಖಾನೆಗಳ ಸಂಬಳದ ಕಡೆಗೆ ತಿರುಗಿದ್ದನ್ನು ಮಿಷನ್ನಿನ ಸಾಧನೆಗಳ ಪಟ್ಟಿಯಲ್ಲಿ ಸೇರಿಸುವ ಮೊದಲು, ಅವರಿಗೆ ಬೇರೆ ದಾರಿಯಿತ್ತೇ ಎಂದು ಕೇಳಬೇಕಾಗುತ್ತದೆ. ಧಾರವಾಡ ಸೀಮೆಯ ಮಿಷನ್ ಚರಿತ್ರೆಯನ್ನು ಬರೆದವರು ಬೋಧಕರ ದಿನಚರಿಗಳನ್ನು ಓದಿದಷ್ಟು ಶ್ರದ್ಧೆಯಿಂದ ಈ ಕುಟುಂಬಗಳ ಭೂಮಿಯ ಕಾಗದಗಳನ್ನೂ ಓದುವ ಕೆಲಸ ಇನ್ನೂ ಆಗಬೇಕಿದೆ.